ಅವರಿಗಿಂತ ಅರ್ಧ ಸ್ವರ ಮೇಲೆ

ನನ್ನ ತಂಗಿ ದೇವೀರಿ ಸತ್ತದ್ದು ಒಂದು ಮಂಗಳವಾರ, ಬೆಳಗಿನ ಹತ್ತು ಗಂಟೆಗೆ, ರಾಗಿ ಹಿಟ್ಟು ಜರಡಿ ಹಿಡಿಯುತ್ತ ಕೂತಿದ್ದಾಗ. ಆಕಾಶದಲ್ಲಿ ಮೋಡದ ಚೂರೂ ಇರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಊರ ಸಮಿತಿಯವರು ಬಂದು ಸಿಡಿಲು ಬಡಿದಿದೆ ಎಂದರು. ಹೆಂಚು ಒಡೆದು, ತೊಲೆ ಸೀಳಿ, ಅವಳ ತಲೆಯನ್ನು ಹಾದು, ನೆಲದಲ್ಲಿ ಅರ್ಧ ಹೂತುಕೊಂಡಿದ್ದ ಆ ಸಿಡಿಲನ್ನು ಹಾರೆಯಿಂದ ಮೀಟಿ ತೆಗೆದು ಒದ್ದೆ ಗೋಣಿಚೀಲದಲ್ಲಿ ಸುತ್ತಿಕೊಂಡು ಹೋದರು. ಸುತ್ತುವ ಮೊದಲು ನಾನು ನೋಡಿದ್ದೆ. ಅಂಗೈಯಗಲದ ಕಬ್ಬಿಣದ ಕೀಲು, ದೊಡ್ಡ ಬಾಗಿಲಿಗೆ ಹಾಕುವಂಥದ್ದು. ನಾಲ್ಕು ತೂತು. ಮೂರರಲ್ಲಿ ತಿರುಪು ಇನ್ನೂ ಇತ್ತು. ಅಂಚಿನಲ್ಲಿ ಹಸಿರು ಬಣ್ಣ.

ನಮ್ಮ ಊರಲ್ಲಿ ಆಗ ಯಾರೂ ಮೇಲೆ ನೋಡುತ್ತಿರಲಿಲ್ಲ. ನೋಡಬಾರದೆಂದು ಯಾವ ಗೋಡೆಯ ಮೇಲೂ ಬರೆದಿರಲಿಲ್ಲ. ನಡೆಯಲು ಕಲಿಯುವಾಗಲೇ ಅದನ್ನೂ ಕಲಿತುಬಿಟ್ಟಿದ್ದೆವು. ಬಿಸಿಲಿರಲಿ ಇಬ್ಬನಿಯಿರಲಿ ಕೊಡೆ ಹಿಡಿದೇ ಓಡಾಟ. ಒಬ್ಬರನ್ನೊಬ್ಬರು ಗುರುತಿಸುತ್ತಿದ್ದದ್ದು ಚಪ್ಪಲಿಯಿಂದ. ಹೆಣ್ಣು ನೋಡಲು ಬಂದವರು ‘ಹುಡುಗಿ ಹಿಮ್ಮಡಿ ಲಕ್ಷಣವಾಗಿದೆ’ ಎಂದು ಹೊಗಳಿ ಕಾಫಿ ಕುಡಿದು ಹೋಗುತ್ತಿದ್ದರು. ತೆಂಗಿನ ಮರ ಹತ್ತುವವರು ಕಣ್ಣು ಮುಚ್ಚಿಕೊಂಡು ಕೈಯಲ್ಲಿ ತಡವಿ ಕಾಯಿ ಕೀಳುತ್ತಿದ್ದರು. ಮೇಲಿದ್ದದ್ದು ಯುದ್ಧದ ಕಾಲದ ಒಂದು ವಿಮಾನ, ಬಾಂಬು ಹಾಕುವಂಥದ್ದು. ನಮ್ಮವ್ವನ ಮದುವೆಯ ಹಿಂದಿನ ವರ್ಷ ಊರಿನ ನೆತ್ತಿಯ ಮೇಲೆ ಬಂದು ನಿಂತದ್ದು, ಹೊಟ್ಟೆಯ ಬಾಗಿಲು ತೆರೆದುಕೊಂಡು, ನಾಲ್ಕು ಫ್ಯಾನು ತಿರುಗಿಸಿಕೊಂಡು ನಿಂತೇ ಇದೆ. ಈಗ ಇಷ್ಟು ಸಲೀಸಾಗಿ ಬರೆಯುತ್ತಿದ್ದೇನೆ. ಆಗ ವಿಮಾನ ಎಂಬ ಮಾತು ಯಾರ ಬಾಯಲ್ಲೂ ಬರುತ್ತಿರಲಿಲ್ಲ. ‘ಅವರು’ ಎನ್ನುತ್ತಿದ್ದೆವು. ‘ಇವತ್ತು ಅವರು ಕೊಂಚ ಕೆಳಗವ್ರೆ, ಹಪ್ಪಳ ಒಣಗಾಕ್ಬ್ಯಾಡಿ’ ಎಂದು ಬೀದಿಯ ಹೆಂಗಸರು ಮಾತಾಡಿಕೊಳ್ಳುತ್ತಿದ್ದರು. ನಾವು ಮರ್ಯಾದೆಯಿಂದ ಇರುವ ತನಕ ಅವರು ಮೇಲೇ ಇರುತ್ತಾರೆ ಎಂಬುದು ಸಮಿತಿಯ ಮಾತು. ನಲವತ್ತು ವರ್ಷ ಇದ್ದರಲ್ಲ, ಆದ್ದರಿಂದ ಮಾತು ನಿಜವೆಂದೇ ಎಲ್ಲರೂ ತಿಳಿದಿದ್ದರು.

ಮೂರನೆಯ ದಿನ ಸಮಿತಿಯ ಯಜಮಾನರು ಚನ್ನವೀರಯ್ಯನವರು ಮನೆಗೆ ಬಂದರು. ಕೆಟ್ಟವರಲ್ಲ. ಒಂದು ಚಿಪ್ಪು ಬಾಳೆಹಣ್ಣು ತಂದಿದ್ದರು, ಅವ್ವನ ಎದುರು ನೆಲದ ಮೇಲೇ ಕೂತರು. ಮನೆಯೊಳಗೂ ಕೊಡೆ ಮಾತ್ರ ಮಡಿಸಲಿಲ್ಲ, ಮಾಡಿನಲ್ಲಿ ತೂತು ಇತ್ತಲ್ಲ. ಅವರ ದನಿ ಹತ್ತಿಯ ಹಾಗೆ. ಅವರು ಗಂಟಲೇರಿಸಿದ್ದನ್ನು ಊರಲ್ಲಿ ಯಾರೂ ಕಂಡವರಿಲ್ಲ.

‘ನೋಡು ಹೊಂಬಮ್ಮ, ಒಂದು ಕಾಗದ ತಂದಿದ್ದೀನಿ. ಸಿಡಿಲು ಬಡಿದು ಹೋದಳು ಅಂತ ಬರೆದಿದೆ. ಮುಂದಿನ ವಾರದ ಶುಕ್ರವಾರ ಅವರ ಹಬ್ಬ. ಮೈದಾನದಲ್ಲಿ ಎಲ್ಲರ ಮುಂದೆ ನೀನು ಹೆಬ್ಬೆಟ್ಟು ಒತ್ತಿಬಿಡು. ಅವತ್ತೇ ಹೆಂಚು ಹೊದಿಸಿಕೊಡ್ತೀವಿ. ತೊಲೇನೂ ತರಿಸಿದ್ದೀವಿ. ಮಳೆಗಾಲ ಬೇರೆ ಬಂತು.’

‘ಅದು ಕೀಲಲ್ವಾ ಸ್ವಾಮಿ?’ ಎಂದಳು ಅವ್ವ.

‘ಯಾವ ಕೀಲು?’

‘ನನ್ನ ಮಗಳ ತಲೆ ಮ್ಯಾಲೆ ಬಿದ್ದದ್ದು.’

ಅವರು ತಮ್ಮ ಕಾಲುಬೆರಳು ನೋಡಿಕೊಂಡರು. ‘ಬಿತ್ತು ಅನ್ನೋ ಮಾತು ಬೇಡ ಕಣಮ್ಮ. ಇವತ್ತು ಕೀಲು ಬಿತ್ತು ಅಂದರೆ, ನಾಳೆ ಇನ್ನೇನು ಬೀಳ್ತದೆ ಅಂತ ಜನ ಕೇಳ್ತಾರೆ. ಎಂಟು ಸಾವಿರ ಜನ ಈ ಊರಲ್ಲಿ ನೆಮ್ಮದಿಯಾಗಿ ಉಣ್ಣಬೇಕಲ್ಲ.’

‘ಒತ್ತದೆ ಹೋದ್ರೆ?’

‘ತೂತಿರೋ ಮನೇಲಿ ಜನ ಇರೋ ಹಾಗಿಲ್ಲ. ಮನೆ ಖಾಲಿ ಮಾಡಿಸಿ ಮಣ್ಣು ಮುಚ್ಚಬೇಕಾಗ್ತದೆ. ಅಲ್ಲೀತನಕ ನೀನು ಎಳೀಬೇಡ, ನಾನೂ ಎಳೆಯಲ್ಲ.’ ಎದ್ದು ನಿಂತು, ನನ್ನ ಚಪ್ಪಲಿಯ ಕಡೆ ತಿರುಗಿ, ‘ಚೌಡಿ, ನಿಮ್ಮವ್ವನಿಗೆ ಹೇಳು’ ಎಂದು ಹೋದರು.

ಅವ್ವ ದೇವೀರಿಯ ಚಾಪೆಯನ್ನು ತೂತಿನ ನೇರಕ್ಕೆ ಹಾಸಿ ಅಂಗಾತ ಮಲಗಿ ಕಣ್ಣು ಬಿಟ್ಟಳು. ಹುಚ್ಚು ಹಿಡಿಯಿತು ಎಂದುಕೊಂಡು ಸೆರಗು ಹಿಡಿದು ಎಳೆಯಲು ಹೋದೆ.

‘ಎಳೀಬ್ಯಾಡ, ನೀನೂ ಬಾ ಇಲ್ಲಿ. ಹೊಟ್ಟೆ ತುಂಬ ತೇಪೆ ಹಾಕವ್ರೆ ಕಣೇ. ಥೇಟ್ ನಮ್ಮ ಅಲಸಂದೆ ಚೀಲ.’

ಪಕ್ಕದಲ್ಲಿ ಮಲಗಿದೆ. ಮೊದಲು ಕಂಡದ್ದು ಬರೀ ಬೆಳಕು. ಆಮೇಲೆ ಅದು ಕಂಡಿತು. ತಗಡಿಗೆ ತಗಡು ಹೊಲಿದ ಗೆರೆಗಳು, ಎಣ್ಣೆ ಇಳಿದ ಕಲೆ, ಹಸಿರು ಬಣ್ಣ ಎದ್ದುಹೋದ ಜಾಗದಲ್ಲಿ ತುಕ್ಕು. ಬಾಲದ ಮೇಲೆ ಯಾರೋ ಪುಟ್ಟದೊಂದು ಬಾತುಕೋಳಿ ಬರೆದಿದ್ದರು. ಗಾಲಿಯ ಸಂದಿಯಲ್ಲಿ ಹದ್ದು ಗೂಡು ಕಟ್ಟಿತ್ತು. ಹೊಟ್ಟೆಯ ಒಳಗೆ, ಕತ್ತಲಲ್ಲಿ, ಸೋರೆಕಾಯಿ ಜೋಡಿಸಿದ ಹಾಗೆ ಎರಡು ಸಾಲು ಬಾಂಬು, ಸಾಲಿಗೆ ಆರು. ಎರಡು ಬಾಗಿಲುಗಳಲ್ಲಿ ಒಂದು ನೆಟ್ಟಗಿತ್ತು. ಇನ್ನೊಂದು ಒಂದೇ ಕೀಲಿನಲ್ಲಿ ಸೊಟ್ಟಗೆ ಜೋತುಬಿದ್ದಿತ್ತು. ಮುಂದಿನ ಗಾಜಿನೊಳಗೆ ಒಂದು ನರಪಿಳ್ಳೆಯೂ ಇರಲಿಲ್ಲ.

ಅವ್ವ ಬಹಳ ಹೊತ್ತು ನೋಡಿದಳು. ಆಮೇಲೆ, ‘ಇಷ್ಟೇನಾ?’ ಎಂದಳು.

ಆ ‘ಇಷ್ಟೇನಾ’ದಿಂದಲೇ ಹಾಡು ಹುಟ್ಟಿತು. ಅವ್ವ ಮದುವೆ ಮನೆಗಳಲ್ಲಿ ಬೀಗರನ್ನು ಗೇಲಿ ಮಾಡುವ ಪದ ಕಟ್ಟುವುದರಲ್ಲಿ ಹೆಸರುವಾಸಿ. ಬೀಗರ ಮೀಸೆ, ಬೀಗಿತ್ತಿಯ ಕೊಪ್ಪು, ಯಾವುದನ್ನೂ ಬಿಡುತ್ತಿರಲಿಲ್ಲ. ಈಗ ಅದೇ ಬಾಯಿಂದ, ಅಂಗಾತ ಮಲಗಿಕೊಂಡೇ, ಮೇಲಿನ ಬೀಗನನ್ನು ಹಿಡಿದುಕೊಂಡಳು. ನಾನು ಹಳೆಯ ಕ್ಯಾಲೆಂಡರಿನ ಹಿಂಭಾಗದಲ್ಲಿ ಬರೆದುಕೊಂಡೆ.

ವಿಮಾನಯ್ಯಾ ವಿಮಾನಯ್ಯಾ, ಬಾಗಿಲು ಮುರುಕ ವಿಮಾನಯ್ಯಾ,
ಮೋಡಿಲ್ಲದ ಮಂಗಳಾರ ಸಿಡಿಲ್ಯಾವ ಸಂತೆಲಿ ತಂದೆಯ್ಯಾ?
ನಾಕು ಕಡೆ ಗಾಳಿ ಬೀಸ್ತೀಯೆ, ನನ್ನೊಲೆ ಹೊಗೆ ಹೋಗಲಿಲ್ಲ,
ಹೊಟ್ಟೇಲಿ ಹನ್ನೆರಡು ಹೊತ್ತಿದ್ದೀಯೆ, ಹೆತ್ತ ನೋವು ನಿಂಗಿಲ್ಲ.
ಕೀಲು ನಿಂದು, ತಕ್ಕೊಂಡ್ಹೋಗು. ಕೂಸು ನಂದು, ಕೊಟ್ಟುಹೋಗು.

‘ಶುಕ್ರವಾರ ಮೈದಾನದಲ್ಲಿ ಹಾಡಿಬಿಡವ್ವ’ ಎಂದೆ. ಅವ್ವ ತಲೆಯಾಡಿಸಿದಳು. ‘ಅಷ್ಟು ಜನದ ಮುಂದೆ ನಿಂತ್ರೆ ನನ್ನ ಗಂಟಲು ಹೆದರ್ತದೆ. ಹೆದರಿಕೆ ಇಲ್ಲದ ಹೊತ್ತಲ್ಲಿ ಹಾಡಿ ಇಟ್ಕಂಬುಡನ. ಟೇಪಿಗೇನು ಹೆದರಿಕೆಯಾ?’

ಟೇಪ್ ರೆಕಾರ್ಡರ್ ಇದ್ದದ್ದು ದಸ್ತಗೀರ್ ಸಾಬ್ರ ಅಂಗಡಿಯಲ್ಲಿ. ಅವರದು ಹಾರ್ಮೋನಿಯಂ ರಿಪೇರಿ ಅಂಗಡಿ, ನಾನು ಹನ್ನೊಂದು ವರ್ಷದಿಂದ ಅಲ್ಲಿ ಕೆಲಸಕ್ಕಿದ್ದೆ. ತಿದಿ ಹೊಲಿಯುವುದು, ದನಿ ಹೊರಡಿಸುವ ಹಿತ್ತಾಳೆಯ ರೀಡು ಕೂರಿಸುವುದು, ಶ್ರುತಿ ಮಾಡುವುದು. ಅಂಗಡಿಯಲ್ಲಿ ತಂಬೂರಿ ಇರಲಿಲ್ಲ, ಶ್ರುತಿಪೆಟ್ಟಿಗೆ ಇರಲಿಲ್ಲ. ಹೊಸ ಹಾರ್ಮೋನಿಯಂ ಪೆಟ್ಟಿಗೆ ಬಂದರೆ ಸಾಬ್ರು ಕಣ್ಣು ಮುಚ್ಚಿ ಒಂದು ಗಳಿಗೆ ಸುಮ್ಮನೆ ಕೂರುವರು, ಆಮೇಲೆ ರೀಡು ಉಜ್ಜುವ ಅರ ಕೈಗೆತ್ತಿಕೊಳ್ಳುವರು. ಯಾವುದಕ್ಕೆ ಸೇರಿಸುತ್ತಿದ್ದೇವೆ ಎಂದು ನಾನು ಕೇಳಿದವಳಲ್ಲ. ಅವರು ಊರ ಶ್ರುತಿ ಎನ್ನುತ್ತಿದ್ದರು, ನಾನೂ ಹಾಗೇ ಕಣ್ಣು ಮುಚ್ಚಿ ಕೂತರೆ ಅದು ಸಿಕ್ಕುತ್ತಿತ್ತು, ಎಲ್ಲಿಂದ ಎಂದು ಗೊತ್ತಿಲ್ಲದೆ. ಊರಿನ ಸೊಪ್ಪಿನವಳು ಕೂಗುವುದೂ ಆ ಶ್ರುತಿಯಲ್ಲೇ. ಕೂಸುಗಳು ಅಳುವುದೂ ಆ ಶ್ರುತಿಯಲ್ಲೇ.

ಟೇಪ್ ರೆಕಾರ್ಡರಿನ ಮೇಲೆ ಧೂಳು ಕೂತಿತ್ತು. ಸಾಬ್ರ ಅಳಿಯ ಹೊರಗಿನಿಂದ ತಂದುಕೊಟ್ಟದ್ದು. ಆದರೆ ಈ ಊರಿನ ಹವೆಗೆ ಕ್ಯಾಸೆಟ್ಟು ಹಿಡಿಯುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಯಾರ ಮದುವೆಯದು ತುಂಬಿಕೊಂಡರೂ ಗೊಂಯ್ ಎಂಬ ಮೊರೆತ ಬಿಟ್ಟರೆ ಏನೂ ಬರುತ್ತಿರಲಿಲ್ಲ. ಜನ ಆ ಟೇಪನ್ನು ಎಳೆದು ರಾಗಿ ಹೊಲಕ್ಕೆ ಸುತ್ತುತ್ತಿದ್ದರು, ಹಕ್ಕಿ ಓಡಿಸಲು.

ಆದರೂ ತಂದೆ. ಶನಿವಾರ ಊಟದ ಹೊತ್ತಿಗೆ, ಬೀದಿ ಖಾಲಿಯಿರುವಾಗ, ಆರು ಸೆಲ್ಲು ಹಾಕಿ, ಕೆಂಪು ಗುಂಡಿಯನ್ನೂ ಅದರ ಪಕ್ಕದ್ದನ್ನೂ ಒಟ್ಟಿಗೆ ಒತ್ತಿದೆ. ಅವ್ವ ಮೊದಲಿನಿಂದ ಕೊನೆಯವರೆಗೆ ಹಾಡಿದಳು, ಎಲ್ಲೂ ತಪ್ಪದೆ, ಊರ ಶ್ರುತಿಗೆ ಎಣ್ಣೆ ಸವರಿದ ಹಾಗೆ. ತಿರುಗಿಸಿ ಹಾಕಿದೆವು. ಗೊಂಯ್.

‘ಹವೆ’ ಎಂದೆ.

ಅವ್ವ ಒಳಗೆ ಹೋಗಿ ಅಕ್ಕಿ ಡಬ್ಬಿಯಿಂದ ಇನ್ನೊಂದು ಕ್ಯಾಸೆಟ್ಟು ತಂದಳು. ನನಗೆ ಅದರ ನೆನಪೇ ಹೋಗಿತ್ತು. ಎರಡು ವರ್ಷದ ಹಿಂದೆ ಹಬ್ಬದ ಮೇಳಕ್ಕೆ ದೇವೀರಿಯೂ ಸೇರಿದ್ದಳು, ‘ನಿಮ್ಮ ನೆರಳಲಿ ನಾವು ತಣ್ಣಗೆ’ ಎಂದು ಊರೆಲ್ಲ ನಿಂತು ಹಾಡುವ ಹಾಡಿಗೆ. ಒಂದು ಕಡೆ ಅವಳ ಸ್ವರ ಯಾವಾಗಲೂ ಮೇಲಕ್ಕೆ ಹಾರಿಬಿಡುತ್ತಿತ್ತು. ಅಪಸ್ವರ ಎಂದು ಮೇಳದಿಂದ ತೆಗೆದುಹಾಕಿದರು. ಅದಕ್ಕೂ ಮುಂಚೆ ಅಭ್ಯಾಸಕ್ಕೆಂದು ಇದೇ ಯಂತ್ರ ತಂದು ನಾವಿಬ್ಬರೂ ತುಂಬಿಕೊಂಡಿದ್ದೆವು. ಆಗಲೂ ಮೊರೆತವೇ ಬಂದಿತ್ತು. ಅರ್ಧ ನಿಮಿಷ ಕೇಳಿ ಎಸೆದಿದ್ದೆವು. ಅವ್ವ ಎತ್ತಿಟ್ಟಿದ್ದಳು.

‘ಪೂರಾ ಹಾಕು’ ಎಂದಳು.

ಹಾಕಿದೆ. ಗೊಂಯ್, ಗೊಂಯ್, ಮೂರು ನಿಮಿಷ ಅದೇ. ನನಗೆ ತೂಕಡಿಕೆ ಬರುವಂತಾಗಿತ್ತು. ಆಗ ಇದ್ದಕ್ಕಿದ್ದ ಹಾಗೆ, ಬಾವಿಯಿಂದ ಕೊಡ ಮೇಲೆ ಬಂದಂತೆ, ದೇವೀರಿ ಬಂದಳು. ‘ತಣ್ಣಗೆ’ ಎಂದಳು, ಸ್ವರ ಮೇಲೆ ಹಾರಿತು, ನಕ್ಕಳು, ‘ಥೂ, ಮತ್ತೆ ತಪ್ಪೋಯ್ತು ಕಣಕ್ಕ’ ಎಂದಳು. ಮತ್ತೆ ಗೊಂಯ್.

ಅವ್ವ ಯಂತ್ರವನ್ನು ಎರಡು ಕೈಯಲ್ಲೂ ಹಿಡಿದುಕೊಂಡಳು. ಅದೆಷ್ಟು ಸಲ ಹಿಂದಕ್ಕೆ ತಿರುಗಿಸಿ ಹಾಕಿದೆವೋ. ಪ್ರತಿ ಸಲವೂ ಅವಳು ಅಲ್ಲೇ ಬರುತ್ತಿದ್ದಳು, ಅಲ್ಲೇ ಮುಳುಗುತ್ತಿದ್ದಳು. ನನ್ನ ಕಸುಬಿನ ಕಿವಿ ಆಗ ಎಚ್ಚರಾಯಿತು. ಶ್ರುತಿ ಬಿಟ್ಟು ಮೇಲೆ ಹೋದ ಕಡೆ ಮಾತ್ರ ಅವಳಿದ್ದಾಳೆ. ಶ್ರುತಿಗೆ ಸರಿಯಾಗಿ ಸೇರಿದ ಕಡೆಯೆಲ್ಲ ಇಲ್ಲ. ಹಾಗಾದರೆ ಈ ಮೊರೆತ ಹವೆಯದಲ್ಲ, ಕ್ಯಾಸೆಟ್ಟಿನದಲ್ಲ. ನಿಲ್ಲಿಸುವ ಗುಂಡಿ ಒತ್ತಿದೆ. ಯಂತ್ರ ನಿಂತಿತು. ಮೊರೆತ ನಿಲ್ಲಲಿಲ್ಲ. ಮಾಡಿನ ತೂತಿನಿಂದ ಇಳಿದು ಬರುತ್ತಲೇ ಇತ್ತು. ಹುಟ್ಟಿದಾಗಿನಿಂದ ನಾನು ನಿಶ್ಶಬ್ದ ಎಂದುಕೊಂಡಿದ್ದದ್ದು ಅದನ್ನೇ.

‘ಅವ್ವ, ನಾವೆಲ್ಲ ಅದರ ಸ್ವರದಲ್ಲೇ ಹಾಡ್ತಾ ಇದ್ದೀವಿ. ಅದಕ್ಕೇ ನುಂಗ್ಕೊಳ್ತಾ ಐತೆ.’

ಅವ್ವ ಮೇಲೆ ನೋಡಿ, ‘ಹಂಗಾದ್ರೆ ನಂಗೆ ತಪ್ಪಾಗಿ ಹಾಡೋದ ಕಲಿಸು’ ಎಂದಳು.

ಸಾಬ್ರ ಹತ್ತಿರ ಹೋಗಿ ಒಂದು ಪೆಟ್ಟಿಗೆ ಬೇಕೆಂದೆ. ಯಾಕೆ ಎಂದರು. ಎಲ್ಲ ರೀಡೂ ಅರ್ಧ ಸ್ವರ ಮೇಲಕ್ಕೆ ಏರಿಸಬೇಕು ಎಂದೆ. ಅವರ ಕೈಯಲ್ಲಿದ್ದ ಬೀಡಿ ಹಾಗೇ ನಿಂತಿತು.

‘ತಲೆ ಕೆಟ್ಟದಾ ನಿಂದು? ನಲವತ್ತು ವರ್ಷದಿಂದ ಈ ಅಂಗಡಿಯಿಂದ ಒಂದು ಅಪಸ್ವರ ಹೊರಗೆ ಹೋಗಿಲ್ಲ.’

‘ಮೊರೆತ ಕೇಳಿಸ್ತು ಸಾಬ್ರೆ, ನಂಗೆ.’

ಅವರು ಬೀಡಿ ಆರಿಸಿದರು. ಅಂಗಡಿಯ ಬಾಗಿಲು ಅರ್ಧ ಮುಚ್ಚಿ ಬಂದು ಕೂತರು. ‘ನಂಗೆ ಒಂದು ದಿನಾನೂ ಕೇಳಿಸ್ದೆ ಇರಲಿಲ್ಲ ಬೇಟಿ. ಶ್ರುತಿ ಹಿಡಿಯೋನಿಗೆ ಕೇಳಿಸ್ದೆ ಇರ್ತದಾ? ಅದು ಬಂದ ಹೊಸದರಲ್ಲಿ ಎಲ್ಲಾರಿಗೂ ಕೇಳ್ತಿತ್ತು. ಗಂಡ ಹೆಂಡ್ತಿ ಒಂದೇ ಮಂಚದಲ್ಲಿ ಕೂತು ಕಿರುಚಿ ಮಾತಾಡೋರು. ಅಂಥಾದ್ರಲ್ಲಿ ಒಂದಿನ ಚನ್ನವೀರಯ್ಯೋರ ತಂದೆ ಬಂದು, ಸಾಬ್ರೆ, ನಿಮ್ಮ ಪೆಟ್ಟಿಗೆಗಳನ್ನ ಅದಕ್ಕೆ ಸೇರಿಸಿಬಿಡಿ ಅಂದ್ರು. ಸೇರಿಸ್ದೆ. ಶಾಲೇಲಿ, ಭಜನೇಲಿ, ನಾಟಕದಲ್ಲಿ, ಎಲ್ಲಾ ಕಡೆ ನನ್ನ ಪೆಟ್ಟಿಗೇನೇ. ಎರಡು ವರ್ಷ ಕಳೀತು. ಯಾರಿಗೂ ಕೇಳಿಸೋದು ನಿಂತೋಯ್ತು. ನನ್ನ ಕೈಗುಣ ಅಂತ ಶಾಲು ಹೊದಿಸಿದ್ರು.’ ಗೋಡೆಯ ಮೇಲಿನ ಮೊಳೆಗೆ ತೂಗುಹಾಕಿದ್ದ ಆ ಶಾಲಿನ ಕಡೆ ಅವರು ನೋಡಲಿಲ್ಲ. ಸಣ್ಣ ಅರವನ್ನು ಬಟ್ಟೆಯಲ್ಲಿ ಒರೆಸಿ ನನ್ನ ಕೈಗಿಟ್ಟರು. ‘ತುದೀಲಿ ಹಾಕು, ಸ್ವರ ಏರ್ತದೆ. ಬುಡಕ್ಕೆ ಹಾಕಿದ್ರೆ ಇಳೀತದೆ.’

‘ನೀವೇ ಕಲಿಸಿದ್ದು ಸಾಬ್ರೆ.’

‘ಗೊತ್ತು. ನಂಗೆ ನಾನೇ ಹೇಳ್ಕೊಂಡೆ.’

ಮೂವತ್ತೊಂಬತ್ತು ರೀಡು. ಒಂದೊಂದರ ತುದಿಗೂ ಅರ ಹಾಕಿ, ಊದಿ ನೋಡಿ, ಮತ್ತೆ ಹಾಕಿ, ಎರಡು ದಿನ ಬೇಕಾಯಿತು. ಎರಡು ರೀಡು ಸೀಳಿದವು. ಕೈ ತಾನಾಗಿ ಹಳೆಯ ಶ್ರುತಿಗೆ ಬಂದು ನಿಂತುಬಿಡುತ್ತಿತ್ತು, ಎತ್ತು ತನ್ನ ಕೊಟ್ಟಿಗೆಯ ಮುಂದೆ ನಿಂತ ಹಾಗೆ. ಪ್ರತಿ ಸಲ ಅಲ್ಲಿಂದ ಎಬ್ಬಿಸಬೇಕು.

ಅವ್ವನ ಪಾಡು ಇನ್ನೂ ಕಷ್ಟದ್ದು. ತಿದ್ದಿದ ಪೆಟ್ಟಿಗೆಯ ಮೇಲೆ ನಾನು ಸ್ವರ ಹಿಡಿದರೆ ಅವಳು ಬಾಯಿ ತೆಗೆಯುತ್ತಿದ್ದಳು, ಗಂಟಲು ಕೆಳಕ್ಕೆ ಜಾರುತ್ತಿತ್ತು. ಐವತ್ತೆಂಟು ವರ್ಷದ ಗಂಟಲು. ‘ನನ್ನ ದನಿ ನಂಗೇ ಕೇಳಿಸ್ತಿಲ್ಲ ಕಣೇ, ಎಲ್ಲಿಗೆ ಏರಿಸ್ಲಿ’ ಎಂದು ರೇಗಿದಳು. ಕೊನೆಗೆ ಅವಳೇ ಉಪಾಯ ಕಂಡುಕೊಂಡಳು. ಹಿತ್ತಿಲ ಬಾಗಿಲ ಬಳಿ ರಾಗಿ ತುಂಬುವ ಮಣ್ಣಿನ ವಾಡೆ ಇತ್ತು, ಖಾಲಿಯಾಗಿತ್ತು. ಅದರೊಳಗೆ ತಲೆ ಹಾಕಿ ಹಾಡಿದಳು. ಒಳಗೆ ಅವಳ ದನಿ ಅವಳಿಗೆ ಸಿಕ್ಕಿತು. ಹೊರಗೆ ನಾನು ಪೆಟ್ಟಿಗೆ ಹಿಡಿದು ಕೂತು ವಾಡೆಯ ಜೊತೆ ಮಾತಾಡುತ್ತಿದ್ದೆ: ‘ಇನ್ನೊಂಚೂರು ಮ್ಯಾಲೆ. ಇನ್ನೊಂಚೂರು. ಅಲ್ಲೇ ನಿಲ್ಲು.’ ವಾಡೆ ‘ಹೂಂ’ ಎನ್ನುತ್ತಿತ್ತು.

ಬುಧವಾರ ಪಕ್ಕದ ಮನೆಯ ಪುಟ್ಟಹಲಗಮ್ಮ ಬೇಲಿಯ ಹತ್ತಿರ ಬಂದು ನಿಂತಳು. ‘ಹೊಂಬಕ್ಕ, ಏನ್ಮಾಡ್ತಿದ್ದೀರೇ ಇಬ್ರೂವೆ? ನನ್ನ ಹಲ್ಲೆಲ್ಲ ಜುಂ ಅಂತಾವೆ. ಎಮ್ಮೆ ಹಾಲು ಎತ್ತಿಕೊಂಡೈತೆ.’

ಅವ್ವ ವಾಡೆಯ ಒಳಗಿಂದಲೇ, ‘ಶುಕ್ರವಾರದ ತನಕ ತಡ್ಕೊಳೆ’ ಎಂದಳು.

‘ಶುಕ್ರವಾರ ಏನೈತೆ?’

‘ಹಬ್ಬ.’

ಗುರುವಾರ ಮಧ್ಯಾಹ್ನ ರೆಕಾರ್ಡು ಮಾಡಲು ಕೂತೆವು. ಮೊದಲ ಸಲ ಎರಡನೆಯ ಸಾಲಿಗೇ ಕಾಗೆ ತೂತಿನ ಅಂಚಿಗೆ ಬಂದು ಕೂತು ಕಾ ಎಂದಿತು. ಅಳಿಸಿದೆವು. ಎರಡನೆಯ ಸಲ ಎಲ್ಲ ಸರಿಯಾಗಿತ್ತು, ‘ಕೂಸು ನಂದು’ ಎನ್ನುವಲ್ಲಿ ಅವ್ವನಿಗೆ ಅಳು ಬಂತು, ಅಳು ಬಂದದ್ದೇ ಸ್ವರ ಜಾರಿ ಹಳೆಯ ಜಾಗಕ್ಕೆ ಬಿತ್ತು. ತಿರುಗಿಸಿ ಹಾಕಿದರೆ, ಎಲ್ಲ ಕೇಳಿಸುತ್ತದೆ, ಆ ಸಾಲೊಂದನ್ನು ಬಿಟ್ಟು. ‘ನೋಡ್ದಾ, ಅತ್ರೆ ಅದರ ಪಾಲಾಗ್ತದೆ’ ಎಂದಳು ಅವ್ವ, ಮೂಗು ಒರೆಸಿಕೊಂಡು. ಸೆರಗು ಸಿಕ್ಕಿಸಿ ಎದ್ದು ನಿಂತಳು. ತೂತಿನ ನೇರಕ್ಕೆ, ಕತ್ತೆತ್ತಿ, ಕಣ್ಣು ಬಿಟ್ಟು, ಬೀಗರ ಅಂಗಳದಲ್ಲಿ ನಿಂತ ಹಾಗೆ ಸೊಂಟದ ಮೇಲೆ ಕೈಯಿಟ್ಟುಕೊಂಡು, ಅದರ ಮುಖಕ್ಕೇ ಹಾಡಿದಳು. ಕೊನೆಯ ಸಾಲಿನಲ್ಲೂ ಸ್ವರ ಅಲುಗಲಿಲ್ಲ. ತಿರುಗಿಸಿ ಹಾಕಿದೆವು. ಮೊರೆತ ಇತ್ತು. ಅದರ ಮೇಲೆ, ಒಂದಕ್ಷರವೂ ಮುಳುಗದೆ, ಅವ್ವ ಇದ್ದಳು.

ಹಬ್ಬದ ದಿನ ಮೈದಾನದ ತುಂಬ ಕೊಡೆ. ವೇದಿಕೆಗೆ ದಪ್ಪನೆಯ ಶಾಮಿಯಾನ ಕಟ್ಟಿದ್ದರು. ಮೇಳದವರು ನಿಂತು ‘ನಿಮ್ಮ ನೆರಳಲಿ ನಾವು ತಣ್ಣಗೆ’ ಹಾಡಿದರು. ಪೆಟ್ಟಿಗೆಗೆ ಎಂದಿನಂತೆ ದಸ್ತಗೀರ್ ಸಾಬ್ರೇ ಕೂತಿದ್ದರು. ನಾನು ತಿದ್ದಿದ ಪೆಟ್ಟಿಗೆಯೂ ಅವರ ಪಕ್ಕದಲ್ಲಿ ಬಟ್ಟೆ ಹೊದ್ದುಕೊಂಡಿತ್ತು. ಹಿಂದಿನ ಸಂಜೆಯಷ್ಟೇ ಅದನ್ನು ಅಂಗಡಿಗೆ ಮರಳಿಸಿದ್ದೆ. ಹಾಡು ಮುಗಿದ ಮೇಲೆ ಚನ್ನವೀರಯ್ಯನವರು ಅವ್ವನನ್ನು ಮೇಲೆ ಕರೆದರು. ಮೇಜಿನ ಮೇಲೆ ಕಾಗದ, ಅದರ ಪಕ್ಕ ಶಾಯಿಯ ಡಬ್ಬಿ.

ಅವ್ವ ಚೀಲದಿಂದ ಟೇಪ್ ರೆಕಾರ್ಡರ್ ತೆಗೆದು ಮೈಕಿನ ಮುಂದಿಟ್ಟಳು. ‘ಮಗಳಿಗೆ ಅಂತ ಒಂದು ಪದ ಹಾಡಿಟ್ಟಿದ್ದೀನಿ ಸ್ವಾಮಿ. ಇದಾದ ಮ್ಯಾಲೆ ಕಾಗದದ ಮಾತು.’

ಯಜಮಾನರ ಮುಖದಲ್ಲಿ ಮರುಕವೇ ಇತ್ತು. ‘ಹಾಕ್ಕೊಳಮ್ಮ. ಆದರೆ ಈ ಊರಿನ ಹವೆಗೆ ಕ್ಯಾಸೆಟ್ಟು ಹಿಡಿಯಲ್ಲ. ಏನೂ ಬರಲಿಲ್ಲ ಅಂತ ಬೇಜಾರು ಮಾಡ್ಕೋಬೇಡ.’

ನಾನು ಗುಂಡಿ ಒತ್ತಿದೆ. ನಾಲ್ಕೂ ಮೂಲೆಯ ಸ್ಪೀಕರುಗಳಿಂದ ಗೊಂಯ್ ಎಂದು ಬಂತು. ಜನ ಪಾಪ ಎಂದುಕೊಂಡು ಕಾಲು ಬದಲಿಸಿ ನಿಂತರು. ಆಗ ಅವ್ವನ ದನಿ ಎದ್ದಿತು, ‘ವಿಮಾನಯ್ಯಾ ವಿಮಾನಯ್ಯಾ.’

ಆ ಮಾತಿಗೇ ಮುಂದಿನ ಸಾಲಿನಲ್ಲಿ ಒಂದು ಕೊಡೆ ಕೈಜಾರಿ ಬಿತ್ತು. ಜನ ಕಿವಿ ಮುಚ್ಚಿಕೊಂಡರು, ದವಡೆ ಒತ್ತಿಕೊಂಡರು. ಅವ್ವನ ಸ್ವರ ಮೇಲಿನ ಸ್ವರಕ್ಕೆ ಉಜ್ಜಿ ಉಜ್ಜಿ, ಗಾಳಿಯಲ್ಲೇ ಏನೋ ವಾಂವ್ ವಾಂವ್ ಎಂದು ತೂಗಾಡತೊಡಗಿತು. ‘ಸಿಡಿಲ್ಯಾವ ಸಂತೆಲಿ ತಂದೆಯ್ಯಾ’ ಎಂದಾಗ ಹಿಂದೆಲ್ಲೋ ಒಬ್ಬ ಮುದುಕಿ ಕಿಸಕ್ಕನೆ ನಕ್ಕಳು. ಯಜಮಾನರು ಯಂತ್ರದ ಕಡೆ ಕೈ ಚಾಚಿದರು. ಅಷ್ಟರಲ್ಲಿ ಸಾಬ್ರು ಬಟ್ಟೆ ಸರಿಸಿ ಆ ಇನ್ನೊಂದು ಪೆಟ್ಟಿಗೆಯ ತಿದಿ ಒತ್ತಿ, ಅವ್ವನ ಸ್ವರವನ್ನೇ ಹಿಡಿದು ನಿಲ್ಲಿಸಿದರು. ನಲವತ್ತು ವರ್ಷ ಊರಿಗೆ ಶ್ರುತಿ ಕೊಟ್ಟ ಬೆರಳು. ಯಜಮಾನರ ಕೈ ಅರ್ಧದಲ್ಲೇ ನಿಂತಿತು.

‘ಕೂಸು ನಂದು, ಕೊಟ್ಟುಹೋಗು.’ ಟೇಪು ಮುಗಿದು ಗುಂಡಿ ಟಕ್ಕೆಂದು ಮೇಲೆದ್ದಿತು. ಸಾಬ್ರು ತಿದಿಯಿಂದ ಕೈ ತೆಗೆದರು.

ಮೊರೆತ ನಿಲ್ಲಲಿಲ್ಲ. ಜನ ಸ್ಪೀಕರುಗಳ ಕಡೆ ತಿರುಗಿದರು. ಯಾರೋ ಓಡಿಹೋಗಿ ವೈರು ಕಿತ್ತರು. ಆಗಲೂ ನಿಲ್ಲಲಿಲ್ಲ. ಒಂದು ಕೊಡೆ ಮಡಚಿಕೊಂಡಿತು. ಇನ್ನೊಂದು ಮಡಚಿಕೊಂಡಿತು. ಅರಳಿದ ಹೂ ಮತ್ತೆ ಮೊಗ್ಗಾಗುವ ಹಾಗೆ, ಮೈದಾನದ ಆ ತುದಿಯಿಂದ ಈ ತುದಿಗೆ ಕೊಡೆಗಳು ಮುಚ್ಚುತ್ತ ಬಂದವು, ಮುಖಗಳು ಕಾಣುತ್ತ ಬಂದವು. ಕೆಲವರನ್ನು ನಾನು ನೋಡಿದ್ದೇ ಮೊದಲು. ಅವರ ಚಪ್ಪಲಿ ಮಾತ್ರ ಪರಿಚಯವಿತ್ತು.

ಯಜಮಾನರು ಕಾಗದ ಹಿಡಿದು ಓದತೊಡಗಿದರು. ತುಟಿ ಅಲುಗುತ್ತಿತ್ತು, ಅಷ್ಟೇ.

‘ಕೇಳಿಸ್ತಿಲ್ಲ ಸ್ವಾಮಿ’ ಎಂದು ಅವ್ವ ಕೂಗಿದಳು.

ಅವರು ಹತ್ತಿರ ಬಂದು ಮತ್ತೆ ಓದಿದರು. ಹತ್ತಿಯ ದನಿ ಗಾಳಿಗೆ ಹಾರಿಹೋಯಿತು.

‘ನಂಗೆ ಮಾತ್ರ ಅಲ್ಲ, ಎಲ್ಲಾರ್ಗೂ ಕೇಳಂಗೆ ಹೇಳಿ. ಜೋರಾಗಿ! ಏನು ಬಡೀತು ನನ್ನ ಮಗಳಿಗೆ?’

ಚನ್ನವೀರಯ್ಯನವರು ಎದೆ ತುಂಬ ಉಸಿರೆಳೆದುಕೊಂಡರು. ಕತ್ತಿನ ನರ ಉಬ್ಬಿತು. ಕೂಗುವವರು ಸಹಜವಾಗಿ ಮಾಡುವ ಹಾಗೆ ತಲೆ ಕೊಂಚ ಹಿಂದಕ್ಕೆ ಹೋಯಿತು. ಶಾಮಿಯಾನದ ಅಂಚು ಅಲ್ಲಿಗೇ ಮುಗಿಯುತ್ತಿತ್ತು. ಒಂದೇ ಕೀಲಿನಲ್ಲಿ ಜೋತುಬಿದ್ದ ಬಾಗಿಲು ಅವರ ಕಣ್ಣಿಗೆ ಬಿದ್ದದ್ದನ್ನು ನಾನು ನೋಡಿದೆ. ತೆರೆದ ಬಾಯಿ ತೆರೆದೇ ಇತ್ತು. ಸಿಡಿಲು ಎಂಬ ಮಾತು ಹೊರಡಲಿಲ್ಲ.

‘ಕೀಲು!’ ಎಂದು ಯಾರೋ ಕಿರುಚಿದರು. ನಮ್ಮ ಪಕ್ಕದ ಮನೆಯ ಪುಟ್ಟಹಲಗಮ್ಮ. ದವಡೆಯ ಮೇಲೆ ಕೈ ಇಟ್ಟುಕೊಂಡೇ ಇದ್ದಳು. ‘ಕೀಲು ಕಣ್ರಪ್ಪೋ! ಅದೋ ಅಲ್ಲಿ ಬಾಗ್ಲು ಜೋತಾಡ್ತಾ ಐತೆ, ಕಣ್ಣಿಲ್ವಾ ನಿಮಗೆ!’

ಈಗ ನಮ್ಮ ಊರಲ್ಲಿ ಎಲ್ಲರೂ ಕೂಗಿ ಮಾತಾಡುತ್ತಾರೆ. ಗಂಡ ಹೆಂಡಿರ ಜಗಳ ಮೂರು ಬೀದಿಗೆ ಕೇಳಿಸುತ್ತದೆ. ಗಂಟಲಿಗೆ ಹಾಕಿಕೊಳ್ಳುವ ಜ್ಯೇಷ್ಠಮಧುವಿನ ಕಡ್ಡಿ ಅಂಗಡಿಯಲ್ಲಿ ಸಿಕ್ಕುವುದಿಲ್ಲ, ಅಷ್ಟು ಖರ್ಚು. ಕೆಲವರು ನಮ್ಮನ್ನು ಶಪಿಸುತ್ತಾರೆ, ಅದನ್ನೂ ಕೂಗಿಯೇ. ವಿಮಾನ ಮೇಲೆ ಇನ್ನೂ ನಿಂತಿದೆ. ಮರ್ಯಾದೆ ಕೊಡದಿದ್ದರೂ ನಿಂತಿದೆ ಎಂಬುದನ್ನು ಎಲ್ಲರೂ ದಿನಾ ನೋಡುತ್ತಾರೆ, ಸೊಟ್ಟ ಬಾಗಿಲಿನಡಿ ಇರುವ ಬೀದಿಯವರು ಮನೆ ಬದಲಿಸುವ ಮಾತನ್ನೂ ಆಡುತ್ತಾರೆ, ಸಮಿತಿಯನ್ನು ಕರೆದು ಅದನ್ನು ಕೆಳಗಿಳಿಸುವ ದಾರಿ ಕೇಳುತ್ತಾರೆ. ಹಿಂದೆ ಕೇಳುತ್ತಿರಲಿಲ್ಲ. ನಮ್ಮ ಮನೆ ಖಾಲಿ ಮಾಡಿಸಲು ಯಾರೂ ಬರಲಿಲ್ಲ. ತೂತಿಗೆ ನಾವೇ ಒಂದು ಗಾಜು ಕೂರಿಸಿದೆವು, ಮಳೆ ಬೀಳದ ಹಾಗೆ, ನೋಟ ತಪ್ಪದ ಹಾಗೆ.

ಹಬ್ಬದ ಮರುದಿನವೇ ನಮ್ಮ ಹೊಸ್ತಿಲಲ್ಲಿ ಒಂದು ಗೋಣಿಚೀಲ ಇತ್ತು. ಯಾರು ಇಟ್ಟರೋ ಗೊತ್ತಿಲ್ಲ. ಹೆಜ್ಜೆ ಗುರುತು ನೋಡಿ ಯಜಮಾನರ ಚಪ್ಪಲಿ ಎಂದು ನಾನು ಹೇಳಬಲ್ಲೆ, ಆದರೆ ಅವ್ವ ಹೇಳಬೇಡ ಎಂದಳು. ಒಳಗೆ ಕೀಲು. ಅವ್ವ ಅದನ್ನು ಹಗ್ಗದಿಂದ ಬಾಗಿಲ ಮುಂದೆ ತೂಗುಹಾಕಿದಳು. ಮಂಗಳವಾರ ಹತ್ತು ಗಂಟೆಗೆ ಸುತ್ತಿಗೆ ತಂದು ಒಂದು ಏಟು ಹೊಡೆದಳು. ಠಣ್ ಎಂದಿತೇ ಹೊರತು ಮುಂದಕ್ಕೆ ಏನೂ ಕೇಳಿಸಲಿಲ್ಲ. ಕೀಲೂ ವಿಮಾನದ ಸ್ವರದಲ್ಲೇ ಇತ್ತು, ಅದರ ಹೊಟ್ಟೆಯದಲ್ಲವೇ.

ಅವ್ವ ನನ್ನ ಮುಖ ನೋಡಿದಳು. ನಾನು ಕೀಲನ್ನು ಹಗ್ಗದಿಂದ ಬಿಚ್ಚಿ ತೊಡೆಯ ಮೇಲಿಟ್ಟುಕೊಂಡು ಕೂತೆ, ದೊಡ್ಡ ಅರ ತೆಗೆದುಕೊಂಡು, ತುದಿಯಿಂದ ಶುರುಮಾಡಿದೆ.